ವಶೀಲಿ ಬೇರೆ, ಪರಿಚಯ ಬೇರೆ

ನಮ್ಮೂರ ಕಡೆ ಯಾವುದಾದರೂ ಹುಡುಗನಿಗೆ ಒಳ್ಳೆ ಕೆಲಸ ಸಿಕ್ತು ಅಂತ ಸುದ್ದಿ ಬಂದರೆ ಅರಳಿಕಟ್ಟೆ ಮೇಲೆ ಕೂತವರು ಕೇಳುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು’ ಅಂತಲ್ಲ, ‘ಯಾರು ಕೊಡಿಸಿದ್ರು?’ ಅಂತ. ಕೆಲಸ ಅನ್ನೋದು ಯಾರಾದರೂ ಕೊಡಿಸಬೇಕಾದ ವಸ್ತು. ಎಂಎಲ್‌ಎ ಕಡೆಯವರು, ಸೋದರಮಾವನ ಸ್ನೇಹಿತರು, ದೂರದ ಸಂಬಂಧಿ ಯಾರೋ ಆಫೀಸರು, ಹೀಗೆ. ಇದಕ್ಕೆ ನಮ್ಮಲ್ಲಿ ವಶೀಲಿ ಅಂತ ಹೆಸರು. ಇಂಥ ಊರುಗಳಿಂದ ಬಂದು ಬಿಇ ಓದಿದ ನಮ್ಮಂಥವರಿಗೆ ‘ನೆಟ್‌ವರ್ಕಿಂಗ್ ಮಾಡಿ’ ಅಂತ ಯಾರಾದರೂ ಹೇಳಿದರೆ ಒಳಗೊಳಗೇ ಇರುಸುಮುರುಸು ಆಗುತ್ತೆ. ವಶೀಲಿಗೇ ಕೋಟು, ಟೈ ಹಾಕಿಸಿ ಕರೆತಂದ ಹಾಗೆ ಅನ್ನಿಸುತ್ತೆ.

ಏರೋಸ್ಪೇಸ್ ವಿಷಯದಲ್ಲಂತೂ ಈ ಅನುಮಾನ ಇನ್ನೂ ಜಾಸ್ತಿ. ಬೆಂಗಳೂರಿನ ಓಲ್ಡ್ ಏರ್‌ಪೋರ್ಟ್ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅಲ್ಲಿನ ಕಾಂಪೌಂಡು ಗೋಡೆಗಳು, ಅವುಗಳ ಮೇಲಿನ ತಂತಿಬೇಲಿ ಚೆನ್ನಾಗಿ ಗೊತ್ತು. ಒಳಗೆ ಏನು ನಡೆಯುತ್ತೆ, ಅಲ್ಲಿಗೆ ಹೋಗೋರು ಯಾರು ಅನ್ನೋದು ಮಾತ್ರ ಗೊತ್ತಿಲ್ಲ. ನನಗೆ ಲಿಂಕ್ಡ್‌ಇನ್‌ನಲ್ಲಿ ಸಣ್ಣ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಂದ ಆಗಾಗ ಒಂದು ಪ್ರಶ್ನೆ ಬರುತ್ತೆ: ‘ಸರ್, ಏರೋಸ್ಪೇಸ್‌ಗೆ ಹೋಗೋಕೆ ಒಳಗೆ ಯಾರಾದ್ರೂ ಗೊತ್ತಿರಬೇಕಾ?’

ಗೊತ್ತಿರಬೇಕು. ಇದಕ್ಕೆ ಬೇರೆ ಉತ್ತರ ಹೇಳಿದರೆ ಸುಳ್ಳಾಗುತ್ತೆ. ಈ ಕ್ಷೇತ್ರದ ಇತಿಹಾಸ ತೆಗೆದು ನೋಡಿದರೆ ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಇನ್ನೊಬ್ಬರಿಗೆ ಬಾಗಿಲು ತೆಗೆದಿದ್ದಾರೆ. ಆದರೆ ಹೇಗೆ ತೆಗೆದರು, ಏನು ನೋಡಿ ತೆಗೆದರು ಅನ್ನೋದರಲ್ಲಿ ವಶೀಲಿಗೂ ಪರಿಚಯಕ್ಕೂ ಇರುವ ವ್ಯತ್ಯಾಸ ಕಾಣುತ್ತೆ.

1935ರ ಕ್ಯಾಲಿಫೋರ್ನಿಯಾಗೆ ಹೋಗೋಣ. ಪ್ಯಾಸಡೀನಾ ಊರಿನ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ವಿಲಿಯಂ ಬೊಲ್ಲೇ ಎಂಬ ಸಂಶೋಧನಾ ವಿದ್ಯಾರ್ಥಿ ರಾಕೆಟ್ ವಿಮಾನಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಆ ಕಾಲಕ್ಕೆ ರಾಕೆಟ್ ಅಂದರೆ ಕಾಮಿಕ್ಸ್ ಪುಸ್ತಕದ ಸರಕು. ಮರ್ಯಾದಸ್ಥ ಪ್ರೊಫೆಸರುಗಳು ಆ ಪದ ಬಳಸೋಕೂ ಹಿಂಜರಿಯುತ್ತಿದ್ದರು. ಉಪನ್ಯಾಸದ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಇಬ್ಬರು ಯುವಕರು ಕ್ಯಾಲ್‌ಟೆಕ್‌ಗೆ ಬಂದರು. ಒಬ್ಬ ಜಾಕ್ ಪಾರ್ಸನ್ಸ್, ಡಿಗ್ರಿ ಇಲ್ಲದೆ ಸ್ವಂತವಾಗಿ ರಸಾಯನಶಾಸ್ತ್ರ ಕಲಿತವನು. ಇನ್ನೊಬ್ಬ ಅವನ ಗೆಳೆಯ ಎಡ್ ಫೋರ್ಮನ್, ಮೆಕ್ಯಾನಿಕ್. ಇಬ್ಬರೂ ಚಿಕ್ಕಂದಿನಿಂದ ಮನೆಯ ಹಿಂದೆ ಪುಡಿರಾಕೆಟ್ ಹಾರಿಸಿಕೊಂಡು ಬಂದವರು.

ಬೊಲ್ಲೇ ಕೈಯಲ್ಲಿ ಸಹಾಯ ಮಾಡೋಕಾಗಲಿಲ್ಲ. ಆದರೆ ಆತ ‘ಆಗಲ್ಲ, ಹೋಗಿ’ ಅಂತ ಕಳಿಸಿಬಿಡಲಿಲ್ಲ. ‘ಫ್ರಾಂಕ್ ಮಲೀನಾ ಅಂತ ಇನ್ನೊಬ್ಬ ವಿದ್ಯಾರ್ಥಿ ಇದ್ದಾನೆ, ಅವನನ್ನು ನೋಡಿ’ ಅಂತ ದಾರಿ ತೋರಿಸಿದರು. ಮಲೀನಾ ಇವರಿಬ್ಬರನ್ನೂ ಜೊತೆಗೆ ಸೇರಿಸಿಕೊಂಡು, ಏರೋನಾಟಿಕ್ಸ್ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಥಿಯೊಡೋರ್ ಫಾನ್ ಕಾರ್ಮಾನ್ ಹತ್ತಿರ ಹೋದರು. ಪಾರ್ಸನ್ಸ್, ಫೋರ್ಮನ್ ಇಬ್ಬರೂ ಕ್ಯಾಲ್‌ಟೆಕ್ ವಿದ್ಯಾರ್ಥಿಗಳಲ್ಲ, ಸಿಬ್ಬಂದಿಯೂ ಅಲ್ಲ. ಆದರೂ ಕಾರ್ಮಾನ್ ಪ್ರಯೋಗಾಲಯ ಬಳಸಿಕೊಳ್ಳಿ ಅಂದರು. ದುಡ್ಡು ಕೊಡಲಿಲ್ಲ, ಜಾಗ ಕೊಟ್ಟರು. 1936ರ ಅಕ್ಟೋಬರ್ 31ರಂದು ಊರಾಚೆಯ ಒಣಹಳ್ಳದಲ್ಲಿ ಮೊದಲ ಪರೀಕ್ಷೆ ನಡೀತು. ಆಮ್ಲಜನಕದ ಪೈಪಿಗೆ ಬೆಂಕಿ ಹತ್ತಿಕೊಂಡು ಅದು ಹಾವಿನ ಹಾಗೆ ಒದ್ದಾಡಿತು, ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಓಡಿದರು. ಮರುವರ್ಷ ವೆಲ್ಡ್ ಆರ್ನಲ್ಡ್ ಎಂಬ ಸಹೋದ್ಯೋಗಿ ಈ ತಂಡಕ್ಕೆ 1000 ಡಾಲರ್ ಕೊಡ್ತೀನಿ ಅಂತ ಮುಂದೆ ಬಂದರು. ಮೊದಲ ಕಂತು ಬಂದದ್ದು ನ್ಯೂಸ್‌ಪೇಪರಿನಲ್ಲಿ ಸುತ್ತಿದ ಚಿಲ್ಲರೆ ನೋಟುಗಳಲ್ಲಿ. ಬದಲಿಗೆ ಅವರು ಕೇಳಿದ್ದು ಇಷ್ಟೇ: ತಂಡದ ಫೋಟೋಗ್ರಾಫರ್ ಆಗಲು ಅವಕಾಶ.

ಈ ಪುಂಡರ ಗುಂಪೇ ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಆಯಿತು. ಇವತ್ತು ಮಂಗಳನ ಮೇಲೆ ಗಾಡಿ ಓಡಿಸುವ ಜೆಪಿಎಲ್ ಇದೇ. ‘ರಾಕೆಟ್’ ಅಂದರೆ ಜನ ನಗ್ತಾರೆ ಅಂತಲೇ ಹೆಸರಿನಲ್ಲಿ ‘ಜೆಟ್’ ಅಂತ ಇಟ್ಟುಕೊಂಡರು.

ಇದೇ ಕಥೆಯಲ್ಲಿ ತೆರೆಯದ ಬಾಗಿಲೂ ಒಂದಿದೆ. ದ್ರವ ಇಂಧನದ ರಾಕೆಟ್ಟನ್ನು ಜಗತ್ತಿನಲ್ಲೇ ಮೊದಲು ಹಾರಿಸಿದ ರಾಬರ್ಟ್ ಗೊಡಾರ್ಡ್ ಆಗ ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿದ್ದರು. 1936ರಲ್ಲಿ ಮಲೀನಾ ಅಲ್ಲಿಗೆ ಹೋಗಿ ಭೇಟಿಯಾದರು. ಗೊಡಾರ್ಡ್ ಮರ್ಯಾದೆಯಿಂದಲೇ ಮಾತಾಡಿಸಿದರು, ಆದರೆ ಕೆಲಸದ ವಿವರ ಬಿಟ್ಟುಕೊಡಲಿಲ್ಲ. 1920ರಲ್ಲಿ ಪತ್ರಿಕೆಯೊಂದು ಅವರನ್ನು ಸಿಕ್ಕಾಪಟ್ಟೆ ಗೇಲಿ ಮಾಡಿತ್ತು, ಆ ನೋವು ಇತ್ತೇನೋ. ಪ್ರತಿಭೆಯಲ್ಲಿ ಗೊಡಾರ್ಡ್ ಯಾರಿಗೂ ಕಡಿಮೆಯಲ್ಲ. ಆದರೆ ಪ್ಯಾಸಡೀನಾದಲ್ಲಿ ಒಂದು ಸಂಸ್ಥೆ, ಒಂದು ಶಿಷ್ಯಪರಂಪರೆ ಬೆಳೆದ ಹಾಗೆ ಅವರ ಸುತ್ತ ಬೆಳೆಯಲಿಲ್ಲ.

ಈ ಕಥೆಗೂ ಬೆಂಗಳೂರಿಗೂ ಏನು ಸಂಬಂಧ ಅಂತ ಕೇಳಬಹುದು. ನೇರ ಸಂಬಂಧವೇ ಇದೆ. ಕಾರ್ಮಾನ್ ಸ್ವತಃ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯ. ಅದೇ ಪ್ರಾಂಟ್ಲ್ ಹತ್ತಿರ 1930ರ ದಶಕದಲ್ಲಿ ಡಾಕ್ಟರೇಟ್ ಮಾಡಿದವರು ವಿಷ್ಣು ಮಾಧವ ಘಾಟಗೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅಮೆರಿಕದ ವಿಮಾನ ವ್ಯಾಪಾರಿಯೊಬ್ಬರ ಜೊತೆ ಆಕಸ್ಮಿಕವಾಗಿ ಆದ ಪರಿಚಯವೇ ಅದಕ್ಕೆ ಬೀಜ. ಕಾರ್ಖಾನೆ ಬಂದಮೇಲೆ ಎಂಜಿನಿಯರುಗಳು ಬೇಕಲ್ಲ? 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಘಾಟಗೆ. ಆಮೇಲೆ ಅವರೇ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸದ ನೇತೃತ್ವ ವಹಿಸಿದರು. ಅದು 1951ರಲ್ಲಿ ಹಾರಿತು.

ಇನ್ನೊಂದು ಎಳೆ ಸತೀಶ್ ಧವನ್ ಅವರದು. ಲಾಹೋರಿನಲ್ಲಿ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ ಕೂಡ ಮಾಡಿಕೊಂಡಿದ್ದ ಈ ಯುವಕ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸ್ವಲ್ಪ ಕಾಲ ಇದ್ದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಕೈಕೆಳಗೆ 1951ರಲ್ಲಿ ಪಿಎಚ್‌ಡಿ ಮುಗಿಸಿದರು. ಲೀಪ್‌ಮನ್ ಅವರನ್ನು ಕ್ಯಾಲ್‌ಟೆಕ್‌ಗೆ ಕರೆತಂದವರು ಅದೇ ಕಾರ್ಮಾನ್. ಧವನ್ ಟಾಟಾ ಇನ್‌ಸ್ಟಿಟ್ಯೂಟಿಗೆ ಪಾಠ ಮಾಡಲು ಬಂದಾಗ ಅಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆಯುತ್ತಿದ್ದ ಆರ್.ಎಲ್. ನರಸಿಂಹಯ್ಯನವರ ಮಗ. ಯುವಿಸಿಇಯಲ್ಲಿ ಮೆಕ್ಯಾನಿಕಲ್ ಮಾಡಿದ್ದವರು. ರೈಲ್ವೆಯಂಥ ಭದ್ರ ಕೆಲಸಕ್ಕೆ ಸೇರಿಕೋ ಅನ್ನುವ ಸಲಹೆ ಅವರಿಗೂ ಬಂದಿತ್ತು. ಆದರೆ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ಅವರನ್ನು ಎಳೆಯಿತು. ಧವನ್ ಶಿಷ್ಯರಾದ ಅವರು ಮುಂದೆ ಕ್ಯಾಲ್‌ಟೆಕ್‌ಗೆ ಹೋಗಿ ಅದೇ ಲೀಪ್‌ಮನ್ ಹತ್ತಿರ 1961ರಲ್ಲಿ ಪಿಎಚ್‌ಡಿ ಪಡೆದು ಬೆಂಗಳೂರಿಗೆ ವಾಪಸ್ ಬಂದರು.

ಗಟ್ಟಿಂಗೆನ್, ಪ್ಯಾಸಡೀನಾ, ಬೆಂಗಳೂರು. ಪ್ರಾಂಟ್ಲ್, ಕಾರ್ಮಾನ್, ಲೀಪ್‌ಮನ್, ಧವನ್, ರೊದ್ದಂ. ಇವತ್ತಿನ ಭಾಷೆಯಲ್ಲಿ ಇದು ನೆಟ್‌ವರ್ಕ್. ಹಳೆಯ ಕನ್ನಡದಲ್ಲಿ ಗುರುಪರಂಪರೆ. ಇಲ್ಲಿ ‘ನಮ್ಮ ಹುಡುಗ, ಸೇರಿಸಿಕೊಳ್ಳಿ’ ಅಂದರೆ ನಡೆಯಲ್ಲ. ವಿಂಡ್ ಟನೆಲ್ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಹೇಗೆ ಕೆಲಸ ಮಾಡಿದ ಅಂತ ಕಣ್ಣಾರೆ ನೋಡಿದ ಗುರು ಇನ್ನೊಬ್ಬ ಗುರುವಿಗೆ ಹೇಳುವ ಮಾತು ಅದು. ಶಿಷ್ಯ ಕೈಲಾಗದವನಾದರೆ ಹೇಳಿದವರ ಮಾನವೂ ಹೋಗುತ್ತೆ.

ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಬೇರಿನಲ್ಲೂ ಇಂಥದ್ದೇ ಒಂದು ಪರಿಚಯ ಇದೆ. ಎರಡನೇ ಮಹಾಯುದ್ಧದಿಂದಾಗಿ ಕೇಂಬ್ರಿಜ್ ಬಿಟ್ಟು ಭಾರತದಲ್ಲೇ ಉಳಿಯಬೇಕಾಗಿ ಬಂದ ಹೋಮಿ ಭಾಭಾ ಮತ್ತು ವಿಕ್ರಂ ಸಾರಾಭಾಯಿ ಇಬ್ಬರೂ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ವಿಭಾಗದಲ್ಲಿ ಕೆಲಸ ಮಾಡಿದರು. ಇಬ್ಬರ ವಿಷಯವೂ ಕಾಸ್ಮಿಕ್ ಕಿರಣ. ಇಪ್ಪತ್ತು ವರ್ಷದ ಮೇಲೆ, 1962ರಲ್ಲಿ, ಭಾಭಾ ಅವರ ಅಣುಶಕ್ತಿ ಇಲಾಖೆಯ ಆಶ್ರಯದಲ್ಲೇ ಸಾರಾಭಾಯಿ ಅವರ ಬಾಹ್ಯಾಕಾಶ ಸಮಿತಿ ಇನ್‌ಕೋಸ್ಪಾರ್ ಹುಟ್ಟಿತು. 1971ರ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡಾಗ ಧವನ್ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಇಂದಿರಾ ಗಾಂಧಿ ಅವರನ್ನೇ ಕರೆದರು. ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕನಾಗಿ ಮುಂದುವರಿಯುತ್ತೇನೆ, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಅನ್ನುವ ಷರತ್ತಿನ ಮೇಲೆ ಅವರು ಒಪ್ಪಿದರು. ಇವತ್ತು ಇಸ್ರೋ ನಮ್ಮೂರಲ್ಲಿರೋದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸಾರಾಭಾಯಿ ಅಹಮದಾಬಾದಿನ ಗಿರಣಿ ಮಾಲೀಕರ ಮನೆಯವರು. ಭಾಭಾ ಟಾಟಾ ಕುಟುಂಬದ ನಂಟರು. ಅವರಿಗೆ ಪರಿಚಯಗಳು ಹುಟ್ಟಿನಿಂದಲೇ ಬಂದಿದ್ದವು. ರಾಮೇಶ್ವರದ ದೋಣಿಯವರ ಮನೆಯ ಹುಡುಗನಿಗೆ, ಉಡುಪಿ ಹತ್ತಿರದ ಅದಮಾರಿನ ಹುಡುಗನಿಗೆ ಅದೆಲ್ಲಿಂದ ಬರಬೇಕು?

ರಾಮೇಶ್ವರದ ಹುಡುಗ ಅಬ್ದುಲ್ ಕಲಾಂ ಆಗ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ ಚಿಕ್ಕ ತಂಡ ಕಟ್ಟಿಕೊಂಡು ‘ನಂದಿ’ ಅನ್ನುವ ಹೋವರ್‌ಕ್ರಾಫ್ಟ್ ಮಾಡುತ್ತಿದ್ದರು. ಯಂತ್ರ ಕೆಲಸ ಮಾಡಿತು, ಆದರೆ ಯೋಜನೆ ಮೂಲೆ ಸೇರಿತು. ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿರುವ ಹಾಗೆ, ಒಂದು ದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್ ಅಲ್ಲಿಗೆ ಬಂದರು. ಯಂತ್ರದ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು, ಅದರಲ್ಲಿ ಕೂತು ಸವಾರಿಯನ್ನೂ ಮಾಡಿದರು. ಸ್ವಲ್ಪ ದಿನದಲ್ಲೇ ಇನ್‌ಕೋಸ್ಪಾರ್‌ನಿಂದ ರಾಕೆಟ್ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಸಂದರ್ಶನದ ಮೇಜಿನ ಆಚೆ ಸಾರಾಭಾಯಿ ಜೊತೆ ಮೆನನ್ ಕೂಡ ಕೂತಿದ್ದರು. ಕಲಾಂ ಅವರ ಪರವಾಗಿ ಮೆನನ್‌ಗೆ ಯಾರೂ ಚೀಟಿ ಕೊಟ್ಟಿರಲಿಲ್ಲ. ಅವರಿಗೆ ಪರಿಚಯ ಆಗಿದ್ದು ಮೊದಲು ಯಂತ್ರ, ಆಮೇಲೆ ಮನುಷ್ಯ.

ಅದಮಾರಿನ ಹುಡುಗ ಯು.ಆರ್. ರಾವ್. ಅನಂತಪುರದಲ್ಲಿ ಬಿಎಸ್ಸಿ, ಬನಾರಸಿನಲ್ಲಿ ಎಂಎಸ್ಸಿ, ಆಮೇಲೆ ಮಂಗಳೂರು, ಮೈಸೂರುಗಳಲ್ಲಿ ಮೇಷ್ಟರ ಕೆಲಸ. ಅಲ್ಲಿಂದ ಅಹಮದಾಬಾದಿಗೆ ಹೋಗಿ ಸಾರಾಭಾಯಿ ಅವರ ಸಂಶೋಧನಾ ವಿದ್ಯಾರ್ಥಿಯಾದರು. ನಂತರ ಎಂಐಟಿ, ಡಲ್ಲಾಸ್. ಅಮೆರಿಕದ ಅಂತರಿಕ್ಷ ನೌಕೆಗಳ ಪ್ರಯೋಗಗಳಲ್ಲಿ ಕೆಲಸ. 1966ರಲ್ಲಿ ವಾಪಸ್. 1970ರ ದಶಕದಲ್ಲಿ ಪೀಣ್ಯದ ಇಂಡಸ್ಟ್ರಿಯಲ್ ಏರಿಯಾದ ಶೀಟು ಹೊದಿಸಿದ ಶೆಡ್ಡುಗಳಲ್ಲಿ, ಉಪಗ್ರಹವನ್ನು ಎಂದೂ ಮಾಡಿರದ ಎಳೆಯ ಎಂಜಿನಿಯರುಗಳನ್ನು ಸೇರಿಸಿಕೊಂಡು ಅವರು ಆರ್ಯಭಟ ಕಟ್ಟಿಸಿದರು. ಸುಮಾರು 360 ಕೆಜಿಯ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೆ ಹೋಯಿತು. ಸಾರಾಭಾಯಿ ತಮಗೆ ತೆಗೆದ ಬಾಗಿಲನ್ನು ರಾವ್ ಪೀಣ್ಯದಲ್ಲಿ ಇನ್ನೊಂದಷ್ಟು ಮಂದಿಗೆ ತೆಗೆದರು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ದೊಡ್ಡವರು ಚಿಕ್ಕವರಿಗೆ ಬಾಗಿಲು ತೆಗೆದ ಕಥೆ. ಚಿಕ್ಕವರೇ ಸೇರಿ ಬಾಗಿಲು ಮಾಡಿಕೊಂಡದ್ದೂ ಇದೆ. 1980ರಲ್ಲಿ ಎಂಐಟಿಯ ವಿದ್ಯಾರ್ಥಿ ಪೀಟರ್ ಡಯಾಮಂಡಿಸ್, ಬೇರೆ ಕಡೆ ಇದ್ದ ಬಾಬ್ ರಿಚರ್ಡ್ಸ್ ಮತ್ತು ಟಾಡ್ ಹಾಲಿ ಸೇರಿ ‘ಸೆಡ್ಸ್’ ಅನ್ನುವ ವಿದ್ಯಾರ್ಥಿ ಸಂಘ ಕಟ್ಟಿದರು. ಬಾಹ್ಯಾಕಾಶದ ಹುಚ್ಚು ಇರುವ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಗೊತ್ತಿರಬೇಕು ಅನ್ನೋದಷ್ಟೇ ಅದರ ಬಂಡವಾಳ. ಡಯಾಮಂಡಿಸ್ ಬರೆದ ಕಾಗದ ‘ಓಮ್ನಿ’ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಎಲ್ಲೆಲ್ಲಿಂದಲೋ ಉತ್ತರ ಬಂದು ಶಾಖೆಗಳು ಹುಟ್ಟಿದವು. ಪ್ರಿನ್ಸ್‌ಟನ್ ಶಾಖೆಗೆ ಒಂದು ಕಾಲಕ್ಕೆ ಅಧ್ಯಕ್ಷನಾಗಿದ್ದ ಹುಡುಗನ ಹೆಸರು ಜೆಫ್ ಬೆಜೋಸ್. ಆ ಮೂವರು ಗೆಳೆಯರೇ 1987ರಲ್ಲಿ ಇಂಟರ್‌ನ್ಯಾಷನಲ್ ಸ್ಪೇಸ್ ಯೂನಿವರ್ಸಿಟಿ ಸ್ಥಾಪಿಸಿದರು.

ನಮ್ಮಲ್ಲೂ ಅಂಥದ್ದು ನಡೆದಿದೆ. 2007ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಗನಯಾನ ಸಮ್ಮೇಳನ ನಡೆಯಿತು. ಬೆಂಗಳೂರು ಮತ್ತು ಹೈದರಾಬಾದಿನ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿದ್ದರು. ಇಸ್ರೋದಲ್ಲಿ ಸಣ್ಣ ಉಪಗ್ರಹಗಳ ಹೊಣೆ ಹೊತ್ತಿದ್ದ ಡಿ.ವಿ.ಎ. ರಾಘವಮೂರ್ತಿ ಅವರನ್ನು ಕಂಡು ಮಾತಾಡಿದರು. ನಾವೇ ಒಂದು ಉಪಗ್ರಹ ಮಾಡಬಹುದಾ ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿ. ಎರಡು ನಗರಗಳ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕೂಡಿಕೊಂಡರು, ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜು ಮುಂದಾಳತ್ವ ವಹಿಸಿತು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಸಿ-15 ರಾಕೆಟ್ಟಿನಲ್ಲಿ ‘ಸ್ಟುಡ್‌ಸ್ಯಾಟ್’ ಹಾರಿತು. ತೂಕ ಒಂದು ಕೆಜಿಗಿಂತ ಕಡಿಮೆ. ಅವು ಐಐಟಿಗಳಲ್ಲ ಅನ್ನೋದನ್ನ ಗಮನಿಸಿ. ನಮ್ಮ ನಿಮ್ಮ ಹಾಗೆ ಬಿಇ ಸೆಮಿಸ್ಟರ್, ಇಂಟರ್ನಲ್ಸು, ಬ್ಯಾಕ್‌ಲಾಗು ಅಂತ ಒದ್ದಾಡುವ ಹುಡುಗ ಹುಡುಗಿಯರಿರುವ ಕಾಲೇಜುಗಳು.

ಇನ್ನೂ ಈಚಿನದು ಬೇಕಾದರೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಿಂದ ಬಂದ ಅವೇಜ್ ಅಹ್ಮದ್ ಇದ್ದಾರೆ. ಬಿಟ್ಸ್ ಪಿಲಾನಿಯಲ್ಲಿ ಓದುವಾಗ ಹೈಪರ್‌ಲೂಪ್ ಇಂಡಿಯಾ ತಂಡದಲ್ಲಿದ್ದು, 2017ರಲ್ಲಿ ಸ್ಪೇಸ್‌ಎಕ್ಸ್ ನಡೆಸಿದ ಸ್ಪರ್ಧೆಗೆ ಲಾಸ್ ಏಂಜಲೀಸ್‌ಗೆ ಹೋದವರು. 2019ರಲ್ಲಿ ಸಹಪಾಠಿ ಕ್ಷಿತಿಜ್ ಖಂಡೇಲ್‌ವಾಲ್ ಜೊತೆ ಪಿಕ್ಸೆಲ್ ಕಂಪನಿ ಶುರು ಮಾಡಿದರು. 2022ರ ಏಪ್ರಿಲ್‌ನಲ್ಲಿ ಅವರ ‘ಶಕುಂತಲಾ’ ಉಪಗ್ರಹ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲೇ ಹೋಯಿತು.

ಎಲ್ಲಾ ಬಾಗಿಲೂ ಪರಿಚಯದಿಂದ ತೆರೆಯುತ್ತೆ ಅಂತ ನಾನು ಹೇಳ್ತಿಲ್ಲ. ಕಾರ್ಮಾನ್ ಅವರ ಮೆಚ್ಚಿನ ಶಿಷ್ಯ, ಮಲೀನಾ ತಂಡದ ಗಣಿತಜ್ಞ ಚಿಯೆನ್ ಶ್ವೇಸೆನ್ ಚೀನಾದವರು. 1950ರಲ್ಲಿ ಕಮ್ಯುನಿಸ್ಟ್ ಅನುಮಾನದ ಮೇಲೆ ಅಮೆರಿಕ ಸರ್ಕಾರ ಅವರ ಭದ್ರತಾ ಅನುಮತಿ ಕಿತ್ತುಕೊಂಡಿತು. ಕಾರ್ಮಾನ್‌ರಂಥ ಗುರು ಇದ್ದೂ ಅದನ್ನು ತಪ್ಪಿಸೋಕಾಗಲಿಲ್ಲ. 1955ರಲ್ಲಿ ಚೀನಾಕ್ಕೆ ಮರಳಿದ ಅವರು ಅಲ್ಲಿನ ಕ್ಷಿಪಣಿ ಕಾರ್ಯಕ್ರಮವನ್ನೇ ಕಟ್ಟಿದರು. ಇವತ್ತಿಗೂ ಅಮೆರಿಕದ ‘ಐಟಾರ್’ ಅನ್ನುವ ರಫ್ತು ನಿಯಮದಿಂದಾಗಿ ರಾಕೆಟ್, ಉಪಗ್ರಹ ಕಂಪನಿಗಳು ಹೆಚ್ಚಾಗಿ ಅಲ್ಲಿನ ಪ್ರಜೆಗಳನ್ನು, ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ತಗೋತವೆ. ಸಾಲ ಮಾಡಿ ಅಲ್ಲಿ ಏರೋಸ್ಪೇಸ್ ಎಂಎಸ್ ಮಾಡಲು ಹೊರಟ ಹುಡುಗರಿಗೆ ಇದನ್ನು ಯಾರೂ ಮೊದಲೇ ಹೇಳಿರಲ್ಲ. ಇಂಥ ಸುದ್ದಿ ಬ್ರೋಷರಿನಲ್ಲಿ ಬರಲ್ಲ, ಅಲ್ಲಿದ್ದು ಬಂದವರ ಬಾಯಿಂದಲೇ ಬರಬೇಕು. ಪರಿಚಯದ ದೊಡ್ಡ ಲಾಭ ಎಷ್ಟೋ ಸಲ ಕೆಲಸವಲ್ಲ, ಈ ಥರದ ಮಾಹಿತಿ.

ಹಾಗಾದರೆ ವಿದ್ಯಾರ್ಥಿಗಳು ಏನು ಮಾಡಬೇಕು? ಪಾರ್ಸನ್ಸ್, ಕಲಾಂ, ಸ್ಟುಡ್‌ಸ್ಯಾಟ್ ಹುಡುಗರು ಮಾಡಿದ್ದನ್ನೇ. ಕೈಯಲ್ಲಿ ಏನಾದರೂ ಒಂದು ಇರಬೇಕು. ಆರ್‌ಸಿ ವಿಮಾನವಾಗಲಿ, ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಆಗಲಿ, ಕಕ್ಷೆ ಲೆಕ್ಕ ಹಾಕುವ ಒಂದು ಕೋಡ್ ಆಗಲಿ. ಅದು ಅರ್ಧ ಕೆಟ್ಟಿದ್ದರೂ ಪರವಾಗಿಲ್ಲ. ಯಾಕೆ ಕೆಟ್ಟಿತು ಅಂತ ಕೇಳಲು ಒಳ್ಳೆ ಪ್ರಶ್ನೆಯಾದರೂ ಸಿಗುತ್ತೆ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾಗೆ ವಿಮಾನದ ಕಸರತ್ತು ನೋಡೋಕೆ ಲಕ್ಷಾಂತರ ಜನ ಹೋಗ್ತಾರೆ. ಒಳಗಿನ ಮಳಿಗೆಗಳಲ್ಲಿ ನಿಂತಿರುವ ಎಂಜಿನಿಯರುಗಳನ್ನು ಮಾತಾಡಿಸುವವರು ಕಡಿಮೆ. ಏರೋನಾಟಿಕಲ್ ಸೊಸೈಟಿ ಆಫ್ ಇಂಡಿಯಾ 1948ರಿಂದ ಇದೆ, ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಯಾರಿಗಾದರೂ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್, ಪ್ಲೀಸ್ ಗಿವ್ ಜಾಬ್’ ಅಂತ ಬರೆದರೆ ಅದು ವಶೀಲಿಯ ಭಾಷೆ. ‘ನಾನು ಇದನ್ನು ಮಾಡಿದ್ದೇನೆ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಹತ್ತು ನಿಮಿಷ ಮಾತಾಡಬಹುದಾ’ ಅಂದರೆ ಅದು ಪರಿಚಯದ ಭಾಷೆ. ಹತ್ತು ಜನಕ್ಕೆ ಬರೆದರೆ ಇಬ್ಬರು ಉತ್ತರ ಕೊಡಬಹುದು. ಬೊಲ್ಲೇ ಕೈಲಾಗಲಿಲ್ಲ ಅಂದಾಗ ಮಲೀನಾ ಸಿಕ್ಕ ಹಾಗೆ, ಆ ಇಬ್ಬರಲ್ಲೊಬ್ಬರು ಮೂರನೆಯವರ ಹೆಸರು ಹೇಳಬಹುದು.

ಆದರೆ ನಾನು ಈ ಲೇಖನ ಬರೀತಿರೋದು ಅವರಿಗಿಂತ ಹೆಚ್ಚಾಗಿ ನಮಗೆ, ಅಂದರೆ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಗೇಟಿನ ಒಳಗೆ ಬಂದಾಗಿರುವವರಿಗೆ. ನಾನು ಓದಿದ ಕಾಲೇಜಿನಲ್ಲಿ ಏರೋನಾಟಿಕಲ್ ವಿಭಾಗವೇ ಇರಲಿಲ್ಲ. ಸೀನಿಯರುಗಳ ಪಟ್ಟಿಯಲ್ಲಿ ಆ ಕ್ಷೇತ್ರದವರು ಒಬ್ಬರೂ ಇರಲಿಲ್ಲ. ಇವತ್ತು ಉಪಗ್ರಹ ಕಂಪನಿಗಳಿಗೆ ಬೇಕಾಗಿರುವ ಕೆಲಸದಲ್ಲಿ ದೊಡ್ಡ ಪಾಲು ಸಾಫ್ಟ್‌ವೇರ್. ಎಂಬೆಡೆಡ್ ಕೋಡ್, ಚಿತ್ರ ಸಂಸ್ಕರಣೆ, ಗ್ರೌಂಡ್ ಸ್ಟೇಷನ್, ಟೆಸ್ಟಿಂಗ್ ಎಲ್ಲಾ ನಮ್ಮ ಸುತ್ತಮುತ್ತಲಿನವರೇ ಮಾಡ್ತಿದ್ದಾರೆ. ನಿಮ್ಮ ಪಿಜಿಯ ಹಳೇ ರೂಮ್‌ಮೇಟ್ ಒಬ್ಬ ಅಲ್ಲಿರಬಹುದು. ನಿಮಗೆ ಅದು ‘ಪರಿಚಯ’ ಅಂತ ಅನ್ನಿಸದೇ ಇರಬಹುದು, ಆದರೆ ಗದಗದಲ್ಲೋ ಚಾಮರಾಜನಗರದಲ್ಲೋ ಓದುತ್ತಿರುವ ಹುಡುಗಿಗೆ ನೀವೇ ಬೊಲ್ಲೇ.

ಅವಳಿಗೆ ನೀವು ಕೆಲಸ ಕೊಡಿಸಬೇಕಾಗಿಲ್ಲ. ಅವಳು ಮಾಡಿರೋದನ್ನು ಒಮ್ಮೆ ತೆರೆದು ನೋಡಿ. ಚೆನ್ನಾಗಿದ್ದರೆ ಯಾರಿಗೆ ತೋರಿಸಬೇಕು ಅಂತ ಹೇಳಿ, ಇಲ್ಲದಿದ್ದರೆ ಎಲ್ಲಿ ಸರಿಮಾಡಬೇಕು ಅಂತ ಹೇಳಿ. ನಮ್ಮೆಲ್ಲರ ಇನ್‌ಬಾಕ್ಸಿನಲ್ಲೂ ಓದದೆ ಬಿಟ್ಟ ಇಂಥ ಮೆಸೇಜು ಒಂದಾದರೂ ಇರುತ್ತೆ. ಈ ವಾರ ಅದಕ್ಕೊಂದು ಉತ್ತರ ಬರೆಯೋಣ.